ಜೀರ್ಣಗೃಹೋದ್ಧಾರ: ದಾವಣಗೆರೆ-ಹರಿಹರಗಳ ಹಳೆಯ ಮನೆಗಳು

೧

ದೇವಾಲಯಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಕೋಟೆ ಕೊತ್ತಲಗಳ, ಅರಮನೆಗಳ ಚರಿತ್ರೆಗೂ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಆದರೆ ಗೃಹಸ್ಥನು ಹುಟ್ಟಿ, ಬೆಳೆದು, ಮಕ್ಕಳ ಮದುವೆಗಳನ್ನು ಮಾಡಿ, ಕಡೆಗೆ ಕಣ್ಣು ಮುಚ್ಚಿದ ಮನೆಯ ಚರಿತ್ರೆಯನ್ನು ಕೇಳುವವರು ವಿರಳರು. ಶಿಲೆಯಲ್ಲಿ ಕಟ್ಟಿದುದಕ್ಕೆ ಶಾಸನವುಂಟು. ಮಣ್ಣು, ಮರ, ಸುಣ್ಣಗಳಲ್ಲಿ ಕಟ್ಟಿದುದಕ್ಕೆ ಅದರ ಗೋಡೆಯೇ ಶಾಸನ. ಗೋಡೆ ಬಿದ್ದ ದಿನವೇ ಆ ಶಾಸನವೂ ಅಳಿಯಿತೆಂದು ತಿಳಿಯತಕ್ಕುದು.

ದಾವಣಗೆರೆಯ ಹಳೆಯ ಪೇಟೆಯಲ್ಲಿಯೂ ಹರಿಹರದ ದೇವಸ್ಥಾನದ ಆಸುಪಾಸಿನಲ್ಲಿಯೂ ಇಂತಹ ಶಾಸನಗಳು ಇನ್ನೂ ಕೆಲವು ಉಳಿದಿವೆ. ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಕ್ರಮದಲ್ಲಿ ಎದ್ದ ಮಹಡಿಗಳು. ಒಂದೇ ದೊಡ್ಡ ಮನೆಯು ಭಾಗವಾಗಿ ಮೂರು ನಾಲ್ಕು ಬಿಡಾರಗಳಾಗಿ ಒಡೆದ ವಠಾರಗಳು. ಬೀದಿಗೆ ಜಗುಲಿಯನ್ನು ಚಾಚಿ ಕುಳಿತ ಮಾಳಿಗೆಯ ಮನೆಗಳು. ಇವುಗಳಲ್ಲಿ ವಾಸಿಸುವ ಸಂಸಾರಗಳಿಗೆ ಈಚೆಗೆ ಒಂದು ಪ್ರಶ್ನೆ ಎದುರಾಗುತ್ತಿದೆ. ಮನೆಯನ್ನು ಇಂದಿನ ಬಾಳಿಗೆ ಒಗ್ಗಿಸಿಕೊಳ್ಳಬೇಕು, ಅಂದಗೊಳಿಸಬೇಕು. ಆದರೆ ಹಿರಿಯರು ಬಿಟ್ಟುಹೋದ ರೂಪವು ಕೆಡಬಾರದು. ಇದು ಸಾಧ್ಯವೇ? ಸಾಧ್ಯವಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು? ಇದಕ್ಕೆ ಉತ್ತರವನ್ನು ಬಣ್ಣದ ಅಂಗಡಿಯಲ್ಲಿ ಕೇಳುವುದಕ್ಕೆ ಮೊದಲು ಆ ಮನೆಗಳ ಚರಿತ್ರೆಯಲ್ಲಿ ಹುಡುಕುವುದು ಉಚಿತ.

೨

ದಾವಣಗೆರೆಯು ರಾಜಧಾನಿಯಾಗಿ ಬೆಳೆದ ಊರಲ್ಲ. ಪ್ರಾಚೀನತೆಯ ಗೌರವವು ನೆರೆಯ ಬೇತೂರಿಗೆ ಸಲ್ಲತಕ್ಕುದು. ಉಚ್ಚಂಗಿಯ ಪಾಂಡ್ಯರ ಕಾಲದಲ್ಲಿ ಹೆಸರಾಂತಿದ್ದ ಆ ಬೇತೂರಿನ ಮಗ್ಗುಲಲ್ಲಿ ದಾವಣಗೆರೆಯು ಒಂದು ಸಣ್ಣ ಗ್ರಾಮವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಇದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದುದರಿಂದ ಗ್ರಾಮವು ಪೇಟೆಯಾಯಿತು. ಮಲೆನಾಡಿನ ಅಡಕೆ ಮೆಣಸುಗಳು ಇಲ್ಲಿ ಕೈ ಬದಲಾಯಿಸಿ ಮುಂದಕ್ಕೆ ಸಾಗುತ್ತಿದ್ದುವು. ಈ ಸೀಮೆಯಲ್ಲಿ ನೆಯ್ದ ಕಂಬಳಿಗಳಿಗೆ ದೂರದ ಊರುಗಳಲ್ಲಿಯೂ ಬೆಲೆಯಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಬಂದಿತು. ಹತ್ತಿಯ ವ್ಯಾಪಾರವು ಬೆಳೆಯಿತು. ೧೯೩೦ರ ದಶಕದಿಂದೀಚೆಗೆ ಬಟ್ಟೆಯ ಗಿರಣಿಗಳು ಎದ್ದುವು. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆಯು ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು.

ಈ ಚರಿತ್ರೆಯು ಮನೆಗಳ ರೂಪದಲ್ಲಿ ಅಚ್ಚಾಗಿದೆ. ಮಂಡಿಪೇಟೆ, ಚೌಕಿಪೇಟೆ ಎಂಬ ಹೆಸರುಗಳೇ ಊರು ಯಾರಿಂದ ಬೆಳೆಯಿತೆಂಬುದನ್ನು ಸಾರುತ್ತವೆ. ವರ್ತಕನಿಗೆ ಬೀದಿಯೇ ಬದುಕು. ಆದಕಾರಣ ಪ್ರತಿಯೊಬ್ಬನಿಗೂ ಬೀದಿಯ ಕಡೆ ಸ್ವಲ್ಪ ಮುಖವೂ ಹಿಂದಕ್ಕೆ ಉದ್ದವಾದ ಒಡಲೂ ಉಳ್ಳ ನಿವೇಶನ ದೊರೆಯಿತು. ಮುಂದೆ ಅಂಗಡಿ ಅಥವಾ ಜಗುಲಿ, ಅದರ ಹಿಂದೆ ಪಡಸಾಲೆ, ನಡುಮನೆ, ದೇವರ ಕೋಣೆ, ಅಡಿಗೆಯ ಮನೆ, ಬಚ್ಚಲು, ಕಟ್ಟಕಡೆಗೆ ಹಿತ್ತಿಲು. ಬೆಳಕು ಪಕ್ಕದಿಂದ ಬರುವಂತಿಲ್ಲ. ಎರಡು ಕಡೆಯೂ ನೆರೆಯವರ ಗೋಡೆ. ಆದುದರಿಂದ ಅದು ಮೇಲಿನಿಂದ ಬೆಳಕಿಂಡಿಯ ಮೂಲಕ ಇಳಿಯಬೇಕು. ಜಗುಲಿಯಿಂದ ಹಿತ್ತಿಲಿನವರೆಗೆ ಬಾಗಿಲುಗಳು ಒಂದೇ ಸಾಲಿನಲ್ಲಿರುವುದು ಕೇವಲ ಶಾಸ್ತ್ರದ ಮಾತಲ್ಲ; ಗಾಳಿಗೆ ಬಿಟ್ಟ ದಾರಿ ಅದು.

ಹರಿಹರದ ಮಾತು ಬೇರೆ. ಅದು ಹೊಳೆಯೂ ದೇವರೂ ಕೂಡಿ ಕಟ್ಟಿದ ಊರು. ಹರಿದ್ರಾ ನದಿಯು ತುಂಗಭದ್ರೆಯನ್ನು ಸೇರುವೆಡೆಯಾದ್ದರಿಂದ ಅದಕ್ಕೆ ಕೂಡಲೂರೆಂಬ ಹಳೆಯ ಹೆಸರೂ ಉಂಟು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ೧೮೬೮ರಲ್ಲಿ ಕಲ್ಲು ಇಟ್ಟಿಗೆಗಳ ಕಮಾನುಸೇತುವೆಯಾದ ಮೇಲೆ ಅದು ದಾರಿಗರ ಊರೂ ಆಯಿತು. ಯಾತ್ರಿಕರಿಗೆ ಇಳಿದಾಣವಾಗಬೇಕಾದ ಊರಿನ ಮನೆಗೆ ಜಗುಲಿಯು ಅಂಗಡಿಗಿಂತ ಮುಖ್ಯ.

೩

ಈ ಸೀಮೆಯ ಮನೆಗಳ ದ್ರವ್ಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಹಳೆಯ ಮನೆಯ ಸೊಬಗು ಅದರ ಆಭರಣದಲ್ಲಿರುವುದಕ್ಕಿಂತ ಹೆಚ್ಚಾಗಿ ದ್ರವ್ಯದಲ್ಲಿದೆ.

ಮಲೆನಾಡಿನಲ್ಲಿ ಮಳೆ ಬಹಳ. ಅಲ್ಲಿಯ ಸೂರು ಇಳಿಜಾರು. ಬಯಲುಸೀಮೆಯಲ್ಲಿ ಮಳೆ ಕಡಮೆ, ಬಿಸಿಲು ಹೆಚ್ಚು. ಇಲ್ಲಿಯ ಸೂರು ಮಟ್ಟಸವಾದ ಮಾಳಿಗೆ. ದಪ್ಪನಾದ ಮಣ್ಣಿನ ಅಥವಾ ಕಲ್ಲುಮಣ್ಣಿನ ಗೋಡೆಗಳ ಮೇಲೆ ತೊಲೆಗಳನ್ನಿಟ್ಟು, ತೊಲೆಗಳ ಮೇಲೆ ಜಂತೆಗಳನ್ನು ಹರಡಿ, ಅವುಗಳ ಮೇಲೆ ಹಲಗೆ ಅಥವಾ ಬಿದಿರು, ಸೊಪ್ಪುಗಳನ್ನು ಹಾಸಿ, ಕಟ್ಟಕಡೆಗೆ ಕರಲು ಮಣ್ಣನ್ನು ಮೆತ್ತುತ್ತಿದ್ದರು. ಬೆಳೆಗೆ ಬಾರದ ಆ ಉಪ್ಪುಮಣ್ಣನ್ನೇ ಆರಿಸಿದುದರಲ್ಲಿ ಜಾಣತನವಿದೆ. ಅದರಲ್ಲಿ ಹುಲ್ಲು ಸುಲಭವಾಗಿ ಮೊಳೆಯದು. ನೀರು ಸೋಕಿದೊಡನೆ ಅದು ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದು. ಹೊಲಕ್ಕೆ ಶಾಪವಾದುದು ಸೂರಿಗೆ ವರವಾಯಿತು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುವುದು ಆ ಮನೆಯವರ ವಾರ್ಷಿಕ ಕರ್ತವ್ಯವಾಗಿತ್ತು.

ಅನುಕೂಲಸ್ಥರ ಮಹಡಿಗಳಲ್ಲಿ ಮುಂದೆ ಮದ್ರಾಸು ತಾರಸಿಯು ಬಂದಿತು. ಸಾಗುವಾನಿಯ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣವನ್ನು ಕುಟ್ಟಿ ಕುಟ್ಟಿ ಕೂರಿಸಿದ ಚಾವಣಿ ಅದು. ಕೆಳಗೆ ನಿಂತು ತಲೆಯೆತ್ತಿದರೆ ಜಂತೆಗಳ ನಡುವಿನ ಅಂತರಗಳು ತಾಳ ಹಾಕಿದಂತೆ ಸಮವಾಗಿ ಕಾಣುತ್ತವೆ.

ಇನ್ನು ಸುಣ್ಣ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಯಿಸಿ, ಮರಳಿನೊಡನೆ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದವನ್ನು ಕೂಡಿಸುತ್ತಿದ್ದರು. ಈ ವಿದ್ಯೆಗೆ ನಮ್ಮಲ್ಲಿ ದೀರ್ಘವಾದ ವಂಶಾವಳಿಯಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರ ಬರೆಯುವುದಕ್ಕೆ ಗೋಡೆಯನ್ನು ಸುಣ್ಣದಿಂದ ಹದಗೊಳಿಸುವ ಕ್ರಮವು ಹೇಳಲ್ಪಟ್ಟಿದೆ. ಅದಕ್ಕೂ ಹಿಂದೆ, ೧೦೨೫ರ ಸುಮಾರಿನಲ್ಲಿ, ಚಾವುಂಡರಾಯನು ಕನ್ನಡದಲ್ಲಿಯೇ ಬರೆದ ಲೋಕೋಪಕಾರದಲ್ಲಿ ಮನೆ ಕಟ್ಟುವ ವಿಚಾರಕ್ಕೆ ಸ್ಥಾನವುಂಟು. ಗೃಹನಿರ್ಮಾಣವನ್ನು ನಮ್ಮ ಹಿರಿಯರು ಕೈಕೆಲಸವೆಂದು ಮಾತ್ರ ಎಣಿಸದೆ ವಿದ್ಯೆಯೆಂದೂ ಎಣಿಸಿದ್ದರೆಂಬುದಕ್ಕೆ ಇಷ್ಟು ಸಾಕು.

೪

ಈ ವ್ಯವಸ್ಥೆಯನ್ನು ಮೂರು ಹೊಸ ದ್ರವ್ಯಗಳು ಒಂದೊಂದಾಗಿ ಬಂದು ಮುಟ್ಟಿದುವು. ಮೊದಲನೆಯದು ಹಂಚು. ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಎಂಬ ಜರ್ಮನನು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ಮಂಗಳೂರು ಹಂಚು ಘಟ್ಟವನ್ನು ಹತ್ತಿ ಬಯಲುಸೀಮೆಗೂ ಬಂದಿತು. ಎರಡನೆಯದು ಬಣ್ಣದ ಸಿಮೆಂಟು ಬಿಲ್ಲೆಗಳೂ ಕೆಂಪು ನೆಲವೂ. ಈ ಬಿಲ್ಲೆಗಳು ಮೊದಲು ವಿಲಾಯಿತಿಯಿಂದ ಬರುತ್ತಿದ್ದುವು. ೧೯೨೨ರಲ್ಲಿ ಮುಂಬಯಿಯಲ್ಲಿ ಭಾರತ್ ಫ್ಲೋರಿಂಗ್ ಟೈಲ್ಸ್ ಎಂಬ ಸಂಸ್ಥೆಯು ಹುಟ್ಟಿದ ಮೇಲೆ ಸ್ವದೇಶೀ ಬಿಲ್ಲೆಗಳು ಹೆಸರಾದುವು. ಈ ಎರಡನ್ನೂ ಹಳೆಯ ಮನೆಯು ಸುಲಭವಾಗಿ ಅರಗಿಸಿಕೊಂಡಿತು. ಇಂದು ಹಳೆಯ ಮಹಡಿಗಳ ಅಂದವೆಂದು ನಾವು ಮೆಚ್ಚುವುದರಲ್ಲಿ ಅರ್ಧವು ಹೀಗೆ ಆ ಕಾಲಕ್ಕೆ ಹೊಸದಾಗಿ ಬಂದುದೇ ಆಗಿದೆ.

ಮೂರನೆಯದಾದ ಸಿಮೆಂಟು ಗಾರೆಯ ಕಥೆ ಹಾಗಲ್ಲ. ೧೯೩೦ರ ದಶಕದ ಕೊನೆಗೆ ನೆರೆಯ ಭದ್ರಾವತಿಯಲ್ಲಿಯೇ ಸಿಮೆಂಟು ತಯಾರಾಗತೊಡಗಿತು. ಸ್ವಾತಂತ್ರ್ಯಾನಂತರ ಅದು ಹಳ್ಳಿಹಳ್ಳಿಗೂ ಮುಟ್ಟಿತು. ಹೊಸ ಕಟ್ಟಡಕ್ಕೆ ಅದು ಉತ್ತಮವಾದ ದ್ರವ್ಯವೆಂಬುದರಲ್ಲಿ ಸಂದೇಹವಿಲ್ಲ. ಹಳೆಯ ಮಣ್ಣುಗೋಡೆಗೆ ಮಾತ್ರ ಅದು ಮಿತ್ರನ ವೇಷದ ಶತ್ರು. ಮಣ್ಣಿನ ಗೋಡೆಯು ನೆಲದಿಂದ ತೇವವನ್ನು ಹೀರುತ್ತದೆ, ಸುಣ್ಣದ ಲೇಪದ ಮೂಲಕ ಅದನ್ನು ಹೊರಕ್ಕೆ ಬಿಡುತ್ತದೆ. ಒಂದು ಅರ್ಥದಲ್ಲಿ ಗೋಡೆಗೆ ಉಸಿರಾಟವುಂಟು. ಸಿಮೆಂಟಿನ ಬಿಗಿಯಾದ ಲೇಪವು ಆ ಉಸಿರನ್ನು ಕಟ್ಟುತ್ತದೆ. ಒಳಗೆ ಸಿಕ್ಕಿದ ತೇವವು ಉಪ್ಪನ್ನು ಹೊತ್ತುಕೊಂಡು ಮೇಲಕ್ಕೇರುತ್ತದೆ. ಬಣ್ಣವು ಹೊಪ್ಪಳಿಕೆಯಾಗಿ ಏಳುತ್ತದೆ. ಕೆಲವು ವರ್ಷಗಳಲ್ಲಿ ಲೇಪವು ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಹಪ್ಪಳದಂತೆ ಕಳಚುತ್ತದೆ. ಮನೆಯವರು ಗೋಡೆಯು ಹಳೆಯದಾಯಿತೆಂದು ನಿಂದಿಸುತ್ತಾರೆ. ತಪ್ಪು ಗೋಡೆಯದಲ್ಲ, ಅದಕ್ಕೆ ತೊಡಿಸಿದ ಅಂಗಿಯದು.

೫

ಹಾಗಾದರೆ ಹಳೆಯದನ್ನು ಸರಿಪಡಿಸುವ ನಿಯಮವೇನು? ಮಯಮತವೆಂಬ ವಾಸ್ತುಗ್ರಂಥದ ಮೂವತ್ತೈದನೆಯ ಅಧ್ಯಾಯವು ಇದನ್ನೇ ಕುರಿತುದು. ಅದರ ತಾತ್ಪರ್ಯವಿಷ್ಟು: ಯಾವ ಆಲಯದ ಲಕ್ಷಣಗಳು ಇನ್ನೂ ಗುರುತಿಗೆ ಬರುವಂತಿವೆಯೋ ಅದನ್ನು ಅದರದೇ ದ್ರವ್ಯಗಳಿಂದ ಸರಿಪಡಿಸತಕ್ಕುದು; ಎತ್ತರ ಅಗಲಗಳು ಮೊದಲಿದ್ದಂತೆಯೇ ಇರತಕ್ಕುವು; ಇಲ್ಲದಿದ್ದುದನ್ನು ಹೊಸದಾಗಿ ಸೇರಿಸಕೂಡದು; ಬಲ್ಲವರನ್ನು ಕೇಳಿ ಮಾಡತಕ್ಕುದು. ಲಂಡನ್ನಿನಲ್ಲಿ ೧೮೭೭ರಲ್ಲಿ ವಿಲಿಯಂ ಮಾರಿಸ್ ಎಂಬ ಕವಿಯೂ ಕುಶಲಕರ್ಮಿಯೂ ಆದ ಮಹನೀಯನು ಪ್ರಾಚೀನ ಕಟ್ಟಡಗಳ ಸಂರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಹಳೆಯ ಇಗರ್ಜಿಗಳನ್ನು ಹೆರೆದು ಹೊಸದಾಗಿ ಹೊಳೆಯಿಸುವ ‘ಉದ್ಧಾರ’ಕ್ಕಿಂತ ಕಾಲಕಾಲಕ್ಕೆ ಮಾಡುವ ಸಣ್ಣ ರಿಪೇರಿಯೇ ಮೇಲೆಂಬುದು ಅವನ ವಾದ. ದೇಶ ಕಾಲಗಳು ಬೇರೆಯಾದರೂ ವಿವೇಕವು ಎರಡು ಕಡೆಯೂ ಒಂದೇ ದಾರಿಯನ್ನು ಹಿಡಿದಿರುವುದು ಗಮನಾರ್ಹ.

ಆದರೆ ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಮಯಮತದ ವಿಧಿಯು ದೇವರ ಮನೆಗೆ ಹೇಳಿದ್ದು. ದೇವರಿಗೆ ವಿದ್ಯುದ್ದೀಪವಿಲ್ಲದೆಯೂ ನಡೆಯುತ್ತದೆ, ಮೊಣಕಾಲು ನೋವೂ ಇಲ್ಲ. ಮನುಷ್ಯನಿಗೆ ನಲ್ಲಿ ಬೇಕು, ಒಳಗೇ ಶೌಚಗೃಹ ಬೇಕು, ಮಕ್ಕಳ ಓದಿಗೆ ಬೆಳಕು ಬೇಕು. ಏನನ್ನೂ ಸೇರಿಸಕೂಡದೆಂದರೆ ಆ ಮನೆಯಲ್ಲಿ ವಾಸಿಸುವವರೇ ಇಲ್ಲದಂತಾಗುತ್ತದೆ; ವಾಸವಿಲ್ಲದ ಮನೆ ಬೇಗ ಬೀಳುತ್ತದೆಂಬುದು ಎಲ್ಲರೂ ಬಲ್ಲ ಮಾತು.

ಈ ಆಕ್ಷೇಪಕ್ಕೆ ಸಮಾಧಾನವನ್ನು ಹರಿಹರೇಶ್ವರನ ಗುಡಿಯಲ್ಲಿಯೇ ಕಾಣಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಆ ಗುಡಿಯನ್ನು ಕಟ್ಟಿಸಿದ್ದು ೧೨೨೩-೨೪ರ ಸುಮಾರಿನಲ್ಲಿ. ೧೨೬೮ರಲ್ಲಿ, ಸೋಮನಾಥಪುರವನ್ನು ಕಟ್ಟಿಸಿದ ಸೋಮ ದಂಡನಾಯಕನು ಅದಕ್ಕೆ ಕೆಲವು ಭಾಗಗಳನ್ನು ಸೇರಿಸಿದನು. ಮೂಲ ಶಿಖರವು ಅಳಿದು ಅದರ ಸ್ಥಾನದಲ್ಲಿ ಗಾರೆಯ ಶಿಖರವು ಬಂದಿತು. ಹೊಯ್ಸಳರಿಂದ ವಿಜಯನಗರದವರೆಗಿನ ಅನೇಕ ಶಾಸನಗಳು ಅಲ್ಲಿ ನಿಂತಿವೆ. ಹೀಗೆ ಶತಮಾನಗಳುದ್ದಕ್ಕೂ ಸೇರಿಸಿದವರು ಹಲವರು. ಆದರೂ ತಿರುಗಣೆಯಲ್ಲಿ ಕಡೆದ ಕಂಬಗಳನ್ನು ಯಾರೂ ಮುಚ್ಚಲಿಲ್ಲ. ಮಂಟಪದ ಅಂಚಿನ ಒರಗುಗಲ್ಲುಳ್ಳ ಕಕ್ಷಾಸನದ ಮೇಲೆ ಇಂದಿಗೂ ಯಾತ್ರಿಕನು ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಶಿಲೆಯ ಭಾಗ ಯಾವುದು, ಗಾರೆಯ ಭಾಗ ಯಾವುದು ಎಂಬುದು ನೋಡಿದವನಿಗೆ ತಾನಾಗಿ ತಿಳಿಯುತ್ತದೆ.

ಗರ್ಭಗುಡಿಯ ಮೂರ್ತಿಯನ್ನೇ ನೋಡಬಹುದು. ಬ್ರಹ್ಮನ ವರದಿಂದ ಹರಿಯೊಬ್ಬನಿಗೂ ಹರನೊಬ್ಬನಿಗೂ ಅವಧ್ಯನಾದ ಗುಹಾಸುರನನ್ನು ಕೊಲ್ಲುವುದಕ್ಕೆ ಇಬ್ಬರೂ ಒಂದೇ ಶರೀರವಾದರೆಂಬುದು ಸ್ಥಳಪುರಾಣ. ಬಲಗಡೆ ಹರ, ಎಡಗಡೆ ಹರಿ. ಜಟೆಯು ಕಿರೀಟವಾಗಿ ಕರಗಿಲ್ಲ, ಚಕ್ರವು ತ್ರಿಶೂಲವೆಂದು ನಟಿಸಿಲ್ಲ. ಶರೀರವು ಒಂದೇ, ಲಕ್ಷಣಗಳು ಎರಡೂ ಸ್ಪಷ್ಟ. ಹಳೆಯ ಮನೆಯಲ್ಲಿ ಹಳತೂ ಹೊಸತೂ ಕೂಡಿ ಬಾಳಬೇಕಾದರೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ಹೊಸತು ಹಳತಿನ ವೇಷವನ್ನು ಹಾಕಕೂಡದು. ಹಳತನ್ನು ನುಂಗಲೂ ಕೂಡದು.

೬

ಈ ನಿಯಮವನ್ನು ಒಂದು ಹಳೆಯ ಮಹಡಿಯ ಬಿಡಾರಕ್ಕೆ ಅನ್ವಯಿಸಿದರೆ ಕರ್ತವ್ಯವು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ಗೋಡೆ. ಸಿಮೆಂಟಿನ ಲೇಪವೂ ಎಣ್ಣೆಬಣ್ಣವೂ ಇದ್ದರೆ ಅವನ್ನು ಮೆಲ್ಲನೆ ತೆಗೆಯಿಸಿ, ಗೋಡೆಯನ್ನು ಒಂದು ಬೇಸಗೆ ಒಣಗಲು ಬಿಟ್ಟು, ಸುಣ್ಣದ ಗಾರೆಯನ್ನೇ ಮತ್ತೆ ಕೊಡತಕ್ಕುದು. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವಾಯುವನ್ನು ಹೀರಿ ಕ್ರಮೇಣ ಪುನಃ ಸುಣ್ಣಗಲ್ಲಾಗುತ್ತದೆ; ಆದುದರಿಂದ ಅವಸರವು ಸಲ್ಲದು. ಬಣ್ಣ ಬೇಕೆಂದವರು ಸುಣ್ಣದ ನೀರಿಗೇ ಕಾವಿ, ಹಳದಿಯ ಮಣ್ಣು, ನೀಲಿ ಮುಂತಾದವನ್ನು ಬೆರಸಬಹುದು. ಬಿಳಿಯ ಗೋಡೆಯ ಬುಡದಲ್ಲಿ ಕಾವಿಯ ಪಟ್ಟೆಯನ್ನು ಎಳೆಯುವ ಪದ್ಧತಿಯು ಅಂದಕ್ಕೆ ಅಂದ, ನೆಲ ಒರಸುವಾಗ ಸಿಡಿಯುವ ಕೊಳೆಯೂ ಕಾಣದು.

ಎರಡನೆಯದು ಮರ. ಕಂಬ, ಬೋದಿಗೆ, ಬಾಗಿಲುವಾಡಗಳಿಗೆ ಹಬ್ಬಹಬ್ಬಕ್ಕೂ ಬಳಿದ ಬಣ್ಣದ ಪದರಗಳಡಿಯಲ್ಲಿ ಬಡಗಿಯ ಉಳಿಯ ಗೆರೆಗಳು ಹೂತುಹೋಗಿರುತ್ತವೆ. ಅವನ್ನು ಕೈಯಿಂದ ಬಿಡಿಸಿ ಅಗಸೆಯ ಎಣ್ಣೆಯನ್ನು ಕುಡಿಸಿದರೆ ಮರವು ತನ್ನ ಬಣ್ಣವನ್ನು ತಾನೇ ಹೇಳುತ್ತದೆ. ಜಂತೆಯ ತುದಿಯು ಗೋಡೆಯೊಳಗೆ ಹೋಗುವೆಡೆಯಲ್ಲಿ ಗೆದ್ದಲೂ ತೇವವೂ ಮೊದಲು ಹಿಡಿಯುತ್ತವೆ. ಅಲ್ಲಿ ನೋಡದೆ ಪಡಸಾಲೆಯನ್ನು ಸಿಂಗರಿಸುವುದು ಹಲ್ಲು ನೋವಿಗೆ ಮೀಸೆ ತಿದ್ದಿಕೊಂಡಂತೆ. ಕೆಟ್ಟಷ್ಟು ಭಾಗವನ್ನು ಮಾತ್ರ ಕತ್ತರಿಸಿ ಹೊಸ ಮರವನ್ನು ಬೆಸೆಯಬಹುದು.

ಮೂರನೆಯದು ನೆಲ. ಕೆಂಪು ಗಾರೆಯ ನೆಲವೂ ಬಣ್ಣದ ಬಿಲ್ಲೆಯ ನೆಲವೂ ಕಾಲ ತುಳಿದಷ್ಟೂ ಹೊಳೆಯುತ್ತವೆ. ಇವಕ್ಕೆ ಆಮ್ಲವು ವಿಷ. ಬರಿಯ ನೀರು, ಆಗೊಮ್ಮೆ ಈಗೊಮ್ಮೆ ತೆಂಗಿನೆಣ್ಣೆಯ ಪಸೆ ಸಾಕು. ಇವುಗಳ ಮೇಲೆ ಹೊಳಪಿನ ಹೊಸ ಕಲ್ಲನ್ನು ಹಾಸುವುದರಿಂದ ಹೊಸ್ತಿಲು ಹೂಳುತ್ತದೆ, ಬಾಗಿಲಿನ ಅಡಿಯನ್ನು ಕೊಯ್ಯಬೇಕಾಗುತ್ತದೆ, ಕೋಣೆಯ ಎತ್ತರದ ಪ್ರಮಾಣವೂ ಕೆಡುತ್ತದೆ.

ಇನ್ನು ಹೊಸ ಅಗತ್ಯಗಳು. ನೀರಿನ ಕೊಳವೆಗಳನ್ನೂ ಶೌಚಗೃಹವನ್ನೂ ಮೊದಲಿನ ಬಚ್ಚಲಿನ ಕಡೆಗೇ, ಕಲ್ಲಿನ ನೆಲವಿದ್ದೆಡೆಯೇ ಕೂಡಿಸತಕ್ಕುದು. ಮರದ ಜಂತೆಗಳ ಮೇಲೆ ನೀರನ್ನು ತರಕೂಡದು. ವಿದ್ಯುತ್ತಿನ ತಂತಿಗಾಗಿ ಮಣ್ಣುಗೋಡೆಯನ್ನು ಕೊರೆಯುವುದಕ್ಕಿಂತ ಜಂತೆಯ ಮಗ್ಗುಲಲ್ಲಿ ಕಾಣುವಂತೆಯೇ ಒಯ್ಯುವುದು ಲೇಸು. ದೀಪದ ಗೂಡುಗಳನ್ನು ಮುಚ್ಚುವುದೇಕೆ? ಹಣತೆಯಿದ್ದ ಗೂಡಿನಲ್ಲಿ ಪುಸ್ತಕವಿರಬಹುದು, ಸಣ್ಣ ವಿದ್ಯುದ್ದೀಪವೂ ಇರಬಹುದು. ಬೆಳಕಿಂಡಿಗೆ ಗಾಜನ್ನು ಹಾಕಿದರೆ ಮಳೆ ನಿಲ್ಲುತ್ತದೆ, ಬೆಳಕು ನಿಲ್ಲುವುದಿಲ್ಲ. ಬಿಸಿಗಾಳಿ ಹೊರಹೋಗುವಂತೆ ಮಗ್ಗುಲಲ್ಲಿ ಸಂದು ಬಿಟ್ಟರಾಯಿತು.

ಅಲಂಕಾರದ ಮಾತು ಕೊನೆಯದು. ಹಳೆಯ ಮನೆಯ ಪಡಸಾಲೆಯು ನೆಲದ ಮೇಲೆ ಕುಳಿತುಕೊಳ್ಳುವವರಿಗಾಗಿ ಆದುದು; ಅದರ ಗೂಡುಗಳೂ ಕಿಟಕಿಗಳೂ ಕುಳಿತವನ ಕಣ್ಣಿನ ಎತ್ತರಕ್ಕಿವೆ. ಅಲ್ಲಿ ಆನೆಗಾತ್ರದ ಸೋಫಾಗಳನ್ನು ತುಂಬಿದರೆ ಕಿಟಕಿ ಮರೆಯಾಗುತ್ತದೆ. ತಗ್ಗಿನ ಮಂಚ, ತೂಗುಮಣೆ, ನವಲಗುಂದದ ಜಮಖಾನೆ, ಮೇದಾರರು ಹೆಣೆದ ಬಿದಿರಿನ ತಟ್ಟಿ, ಎಲ್ಲಕ್ಕಿಂತ ಮೇಲಾಗಿ ಈ ಸೀಮೆಯ ಕರಿಯ ಕಂಬಳಿ, ಇವು ಅಲ್ಲಿಗೆ ಒಪ್ಪುತ್ತವೆ. ಒಂದು ಕಾಲಕ್ಕೆ ಊರನ್ನು ಬೆಳೆಯಿಸಿದ ಕಂಬಳಿಗೆ ಊರಿನ ಪಡಸಾಲೆಯಲ್ಲಿಯೇ ಸ್ಥಾನವಿಲ್ಲವೆಂಬುದು ನ್ಯಾಯವಲ್ಲ.

೭

ಇಷ್ಟೆಲ್ಲವೂ ಮನೆಯು ಉಳಿದರೆ ತಾನೆ? ಹಳೆಯ ಮನೆಗೆ ಗೆದ್ದಲಿಗಿಂತಲೂ ದೊಡ್ಡ ಅಪಾಯವು ಭಾಗಪತ್ರದಿಂದ. ಅಣ್ಣತಮ್ಮಂದಿರು ಬೇರೆಯಾದಾಗ ನಡುಮನೆಯ ಮಧ್ಯದಲ್ಲಿ ಗೋಡೆ ಏಳುತ್ತದೆ. ಒಬ್ಬನಿಗೆ ಬೆಳಕಿಂಡಿ, ಇನ್ನೊಬ್ಬನಿಗೆ ಕತ್ತಲೆ. ಗಾಳಿಯ ದಾರಿ ಮುಚ್ಚುತ್ತದೆ. ಅನಂತರ ಒಬ್ಬನು ತನ್ನ ಭಾಗವನ್ನು ಕೆಡವುತ್ತಾನೆ. ಆಧಾರ ತಪ್ಪಿದ ಇನ್ನೊಂದು ಭಾಗವು ಬಿರುಕು ಬಿಡುತ್ತದೆ. ಕೆಡವಿದ ಮನೆಯ ಕಂಬ ಬಾಗಿಲುವಾಡಗಳನ್ನು ಕೊಳ್ಳುವ ವ್ಯಾಪಾರಿಗಳಿದ್ದಾರೆ. ಅಜ್ಜಿಯು ಪ್ರತಿ ಶುಕ್ರವಾರ ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲು ದೂರದ ನಗರದ ಫಲಾಹಾರಮಂದಿರವೊಂದರಲ್ಲಿ ಮೇಜಿನ ಹಲಗೆಯಾಗುತ್ತದೆ. ‘ಹಳೆಯ ಕಾಲದ ಸೊಬಗು’ ಎಂದು ಅಲ್ಲಿ ಹಣ ಕೊಟ್ಟು ಮೆಚ್ಚುವವರಲ್ಲಿ, ತಮ್ಮ ಊರಿನ ಮನೆಯನ್ನು ಕೆಡವಿ ಬಂದವರೂ ಇರುತ್ತಾರೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹೀಗೆ ಅಳಿಯಲಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದ ಸಾಹಸವು ನಾಡಿಗೆ ತಿಳಿದುದೇ. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲು, ಮುಧೋಳದ ದರ್ಬಾರು ಮಂದಿರ ಮುಂತಾದುವು ಅಲ್ಲಿ ಬದುಕಿಕೊಂಡಿವೆ. ಅವರು ಮಾಡಿದುದು ಮಹೋಪಕಾರ. ಆದರೂ ಅಲ್ಲಿ ಒಲೆ ಉರಿಯುವುದಿಲ್ಲ, ತೊಟ್ಟಿಲು ತೂಗುವುದಿಲ್ಲ. ಮನೆಯು ವಸ್ತುಸಂಗ್ರಹಾಲಯವನ್ನು ಸೇರುವುದು ಅದರ ಸೌಭಾಗ್ಯವೆಂದು ಎಣಿಸುವುದಕ್ಕಿಂತ, ಕೈಲಾಗದ ಮಕ್ಕಳ ತಾಯಿಯು ಪರರ ಆಶ್ರಯವನ್ನು ಸೇರಿದಂತೆ ಎಂದು ತಿಳಿಯುವುದೇ ಸರಿ. ಆಶ್ರಯ ಕೊಟ್ಟವರು ಪೂಜ್ಯರು. ಮಕ್ಕಳು ಮಾತ್ರ ಯೋಚಿಸತಕ್ಕುದು.

ಎಲ್ಲ ಮನೆಗಳನ್ನೂ ಉಳಿಸುವುದು ಆಗದ ಮಾತು; ಉಳಿಸಬೇಕಾಗಿಯೂ ಇಲ್ಲ. ಊರು ಬೆಳೆಯಬೇಕಾದುದೇ. ಆದರೆ ಯಾವ ಮನೆಯ ಲಕ್ಷಣಗಳು ಇನ್ನೂ ಗುರುತಿಗೆ ಬರುವಂತಿವೆಯೋ, ಯಾವುದರಲ್ಲಿ ವಾಸಿಸುವುದಕ್ಕೆ ಜನರಿದ್ದಾರೋ, ಅದನ್ನು ಅದರದೇ ಸುಣ್ಣದಿಂದ, ಅದರದೇ ಮರದಿಂದ, ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಸರಿಪಡಿಸಿಕೊಂಡರೆ ಸಾಕು. ಮಾಳಿಗೆಗೆ ವರ್ಷವರ್ಷವೂ ಹಿಡಿ ಮಣ್ಣು ಹಾಕುತ್ತಿದ್ದ ಹಿರಿಯರು ಮಾಡುತ್ತಿದ್ದುದು ಅಷ್ಟೇ. ಅವರು ಅದನ್ನು ಜೀರ್ಣೋದ್ಧಾರವೆಂದು ಕರೆಯಲಿಲ್ಲ. ಮುಂಗಾರಿನ ಕೆಲಸವೆಂದು ಕರೆದರು.